ಹೊಲಿದಿಟ್ಟ ಕ್ಯಾಮೆರಾ

"ಹಲೋ... ಹಲೋ, ಯಾರಮ್ಮಾ ಮಾತಾಡ್ತಿರೋದು? ಅಳಿಲು ಅನ್ನೋರು ಇದ್ದಾರಾ?... ಹಾಂ, ಅಳಿಲು. ತಮಾಷೆ ಅಲ್ಲಮ್ಮಾ, ಚೀಟಿಯಲ್ಲಿ ಹಾಗೇ ಬರೆದಿದೆ. ಕೆಳಗೆ ಈ ನಂಬರು..."

"ನೀನೇನಾ?... ನಾನಮ್ಮಾ, ಟೈಲರು. ನಿನಗೆ ಹನ್ನೊಂದು ಜೇಬಿನ ಕೋಟು ಹೊಲಿದುಕೊಟ್ಟೋನು. ಅಷ್ಟು ಜೇಬಲ್ಲೂ ಏನೇನೋ ಬಚ್ಚಿಡ್ತೀಯ ಅಂತಲೇ ಅಲ್ವಾ ನಿಮ್ಮಕ್ಕ ನಿನ್ನ ಅಳಿಲು ಅಂತಿದ್ದದ್ದು... ಹಾಂ. ಅವಳ ಅಪ್ಪ. ನಾನೇ..."

ಆ ಕಡೆ ಮಾತು ನಿಂತಿತು. ದರ್ಜಿ ಮುದುಕರು ಫೋನನ್ನು ಕಿವಿಯಿಂದ ತೆಗೆದು ನೋಡಿದರು; ಕರೆ ಕಡಿದಿಲ್ಲವೆಂದು ಕಂಡ ಮೇಲೆ ಮತ್ತೆ ಕಿವಿಗೆ ಒತ್ತಿಕೊಂಡರು. ಎದುರಿಗೆ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ, ಬಟ್ಟೆ ಇರಬೇಕಾದ ಜಾಗದಲ್ಲಿ, ಮಗಳ ಕ್ಯಾಮೆರಾ ಇತ್ತು. ಮಗಳು ತೀರಿಹೋಗಿ ಎರಡು ವರ್ಷವಾಗಿತ್ತು. ಪತ್ರಿಕೆಯೊಂದಕ್ಕೆ ಫೋಟೋ ತೆಗೆಯುವ ಕೆಲಸ ಅವಳದ್ದು. ಫೋನಿನ ಆ ಕಡೆ ಇದ್ದವಳು ಅವಳ ಕೈಕೆಳಗೆ ಕೆಲಸ ಕಲಿತು, ಅವಳನ್ನು ಅಕ್ಕ ಎನ್ನುತ್ತಿದ್ದ ಹುಡುಗಿ.

"ಸುಮ್ಮನಿರಬೇಡಮ್ಮಾ, ಬೈದುಬಿಡು. ಸುಮ್ಮನಿದ್ರೆ ನನಗೆ ಕಷ್ಟ... ಇಲ್ಲ, ಎಲ್ಲೂ ಹೋಗಿರಲಿಲ್ಲ. ನೀನು ಮೂರು ಸಲ ಬಂದಾಗಲೂ ಅಂಗಡಿ ಒಳಗೇ ಇದ್ದೆ. ಅರ್ಧ ಎಳೆದ ಬಾಗಿಲ ಕೆಳಗೆ ನಿನ್ನ ಚಪ್ಪಲಿ ಕಾಣ್ತಿತ್ತು. ಮಿಷನ್ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂತಿದ್ದೆ... ಏನು, ಮಿಷನ್ ಸದ್ದು ಕೇಳಿಸಿತ್ತಾ? ನಾನಿದೀನಿ ಅಂತ ಗೊತ್ತಿತ್ತಾ ನಿನಗೆ?... ಆದ್ರೂ ಏನೂ ಅನ್ನದೆ ಹೋದ್ಯಾ..."

"ಕೊಡೋಕೆ ಅಂತಲೇ ಫೋನ್ ಮಾಡಿದೆ. ನಿಮ್ಮಕ್ಕ ಆಸ್ಪತ್ರೆಗೆ ಸೇರೋ ಹಿಂದಿನ ದಿನ ನನ್ನ ಚೀಟಿ ಪುಸ್ತಕ ಕೇಳಿ ತಗೊಂಡ್ಲು. ನಾವು ಬಟ್ಟೆಗೆ ಚುಚ್ಚೋ ಚೀಟಿ, ಗಿರಾಕಿ ಹೆಸರು, ಕೊಡೋ ತಾರೀಖು ಬರೆಯೋದು, ಅದೇ. ತಾನು ಹೋದ ಮೇಲೆ ಯಾವುದು ಯಾರಿಗೆ ಅಂತ ಒಂದೊಂದು ಸಾಮಾನಿಗೂ ಒಂದೊಂದು ಚೀಟಿ ಕಟ್ಟಿದ್ಲು. ಕ್ಯಾಮೆರಾ ನಿಲ್ಲಿಸೋ ಸ್ಟ್ಯಾಂಡು ಆಫೀಸಿನ ಡ್ರೈವರಿಗೆ. ಫ್ಲ್ಯಾಶು ಅವಳಿಗೆ ಕೆಲಸ ಕಲಿಸಿದ ಸ್ಟುಡಿಯೋ ಯಜಮಾನರಿಗೆ. ಕ್ಯಾಮೆರಾ, ಎರಡು ಲೆನ್ಸು, ಚೀಲ, ಎಲ್ಲಾ 'ಅಳಿಲಿಗೆ'. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ಲು... ಹಾಂ, ಅವರಿಬ್ಬರದ್ದು ಬೆಳಿಗ್ಗೆ ಕೊಟ್ಟು ಬಂದೆ. ಡ್ರೈವರು ಸ್ಟ್ಯಾಂಡನ್ನ ಮಗು ಎತ್ತಿಕೊಂಡ ಹಾಗೆ ಎತ್ಕೊಂಡ. ನೋಡೋಕಾಗಲಿಲ್ಲ, ಬಂದುಬಿಟ್ಟೆ..."

"ಬೇಡ, ಥ್ಯಾಂಕ್ಸ್ ಹೇಳಬೇಡ. ತಾಳು, ಪೂರ್ತಿ ಕೇಳು. ನಿನ್ನದನ್ನ ಹಾಳು ಮಾಡಿದೀನಿ..."

"ಬೀಳಿಸಲಿಲ್ಲಮ್ಮಾ. ಬೀಳಿಸಿದ್ರೆ ಕೈಜಾರಿತು ಅನ್ನಬಹುದಿತ್ತು. ಜೋಪಾನ ಮಾಡಿ ಹಾಳು ಮಾಡಿದೆ... ಹೇಗೆ ಅಂದ್ರೆ, ಮಖಮಲ್ಲು ತಂದೆ. ನಸುಬೂದು ಬಣ್ಣ, ಅವಳಿಗಿಷ್ಟ. ಒಂದೊಂದಕ್ಕೂ ಅಳತೆ ತೆಗೆದು, ಒಳಗೆ ಹತ್ತಿ ತುಂಬಿ ಗವಸು ಹೊಲಿದೆ. ಗುಂಡಿ ಇಡಲಿಲ್ಲ, ಜಿಪ್ಪೂ ಇಡಲಿಲ್ಲ. ಸಾಮಾನು ಒಳಗಿಟ್ಟು ಬಾಯಿ ಹೊಲಿದುಬಿಟ್ಟೆ, ಒತ್ತಾಗಿ, ಕೈಹೊಲಿಗೆ... ಯಾಕೆ ಅಂದ್ರೆ? ಗುಂಡಿ ಇದ್ರೆ ಯಾರಾದ್ರೂ ತೆಗೀತಾರಲ್ಲಮ್ಮಾ..."

"ಮೊನ್ನೆ ಇಲಿ ಒಂದು ಮೂಲೆ ಕಡಿದಿತ್ತು. ತೇಪೆ ಹಾಕೋಣ ಅಂತ ಬಿಚ್ಚಿದೆ. ಉದ್ದದ ಲೆನ್ಸು. ಗಾಜಿನೊಳಗೆ ಬೇರು ಬಿಟ್ಟಿದೆ, ಬಿಳಿ ಬಿಳಿ ಬೇರು. ಒರೆಸಿದ್ರೆ ಹೋಗಲ್ಲ, ಒಳಗಿದೆ... ಹಾಂ, ಬೂಷ್ಟು. ರಿಪೇರಿಯವರೂ ಹಾಗೇ ಅಂದ್ರು. ಪೂರ್ತಿ ತಿಂದುಬಿಟ್ಟಿದೆಯಂತೆ. ಕ್ಯಾಮೆರಾನೂ ಗವಸು ಬಿಚ್ಚಿ ತಗೊಂಡು ಹೋಗಿದ್ದೆ, ಅದಕ್ಕೆ ಏನೂ ಆಗಿಲ್ಲವಂತೆ, ಆದ್ರೆ ಕಣ್ಣೇ ಇಲ್ಲದ ಕ್ಯಾಮೆರಾ ತಗೊಂಡು ಏನು ಮಾಡ್ತೀಯ ನೀನು..."

"ಪೊಟ್ಟಣಾನಾ?... ಹಾಂ, ಚೀಲದಲ್ಲಿದ್ವು. ಸಣ್ಣ ಬಿಳಿ ಪೊಟ್ಟಣ, ಮುಟ್ಟಿದ್ರೆ ಒಳಗೆ ಹರಳು ಹರಳು... ಎಸೆದೆನಲ್ಲಮ್ಮಾ! ಅವಳ ಹಳೇ ಔಷಧಿ ಅಂದ್ಕೊಂಡೆ. ಅವುಗಳ ಬದಲಿಗೆ ನುಸಿಗುಳಿಗೆ ಹಾಕಿದೆ, ಉಣ್ಣೆ ಕೋಟಿಗೆ ಹಾಕೋ ಹಾಗೆ... ತೇವ ಹೀರೋದಾ ಅವು? ಅದಕ್ಕೇ ಇಟ್ಟಿದ್ಲಾ?... ದೇವರೇ..."

ಮುದುಕರು ಸ್ಟೂಲು ಎಳೆದುಕೊಂಡು ಕೂತರು. ಆ ಪೊಟ್ಟಣಗಳನ್ನು ಎಸೆದ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಔಷಧಿಯ ಗುರುತು ಒಂದೂ ಮನೆಯಲ್ಲಿ ಇರಬಾರದೆಂದು ಅವತ್ತು ಅವರು ಹಟ ತೊಟ್ಟಿದ್ದರು.

"ನಗ್ತಿದೀಯಾ, ಅಳ್ತಿದೀಯಾ?... ಎರಡೂನಾ? ನಗು, ಪರವಾಗಿಲ್ಲ. ಅವಳೂ ನಗ್ತಿದ್ಲು. 'ಅಪ್ಪಾ, ನಿಮ್ಮ ಅಂಗಡಿ ಬಟ್ಟೆ ಹಾಕ್ಕೊಂಡು ಸಂದರ್ಶನಕ್ಕೆ ಹೋದ್ರೆ ಮಂತ್ರಿಗಳು ನುಸಿಗುಳಿಗೆ ವಾಸನೆಗೆ ಮೂಗು ಮುಚ್ಕೋತಾರೆ' ಅಂತ..."

"ಆಗಲೇ ಯಾಕೆ ಕೊಡಲಿಲ್ಲ ಅಂತೀಯಾ?... ಕೇಳಬೇಕಾದ್ದೇ..."

ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗಲೂ ಅವರು ಈ ಪ್ರಶ್ನೆಯ ಉತ್ತರವನ್ನು ದೇವರಿಗೆ ಹೇಳದೆ ಹಾಗೇ ಎದ್ದುಬಿಡುತ್ತಿದ್ದರು. ಅವನಿಗೆ ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳುವುದೇಕೆ ಎಂದು.

"ಹೊಟ್ಟೆಕಿಚ್ಚು ಕಣಮ್ಮಾ. ಎಪ್ಪತ್ತಕ್ಕೆ ಬಂದ ಮುದುಕನಿಗೆ ಹೊಟ್ಟೆಕಿಚ್ಚು... ಚೀಟಿ ಒಂದೊಂದೇ ಓದಿದೆ. ಡ್ರೈವರಿಗಿದೆ, ಯಜಮಾನರಿಗಿದೆ, ನಿನಗಿದೆ. 'ಅಪ್ಪನಿಗೆ' ಅಂತ ಒಂದೂ ಇಲ್ಲ. ಚೀಲ ತಲೆಕೆಳಗೆ ಮಾಡಿ ಕೊಡವಿದೆ. ಲೆನ್ಸಿನ ಮುಚ್ಚಳ ಇರುತ್ತಲ್ಲ, ಪ್ಲಾಸ್ಟಿಕ್ಕಿನದು, ಅದಾದ್ರೂ... ಅದಕ್ಕೂ ನಿನ್ನ ಹೆಸರಿನ ಚೀಟಿ. ಒಂಬತ್ತು ತಿಂಗಳಿನ ಕೂಸಿದ್ದಾಗಿನಿಂದ ತಾಯಿ ಇಲ್ಲದೆ ಈ ಮಿಷನ್ ಪಕ್ಕದಲ್ಲೇ ಸಾಕಿದೆ. ಅಪ್ಪನ ನೆನಪೇ ಆಗಲಿಲ್ಲವಾ ಅವಳಿಗೆ..."

"ಏನು?... ಹೇಳಿದ್ಲಾ? ನಿನ್ನ ಹತ್ರ?... ಆಸ್ಪತ್ರೆಯಲ್ಲಿದ್ದಾಗಲಾ? ಯಾವತ್ತು?... ಇರು, ಇರು. ಇನ್ನೊಂದು ಸಲ ಹೇಳು. ಅವಳು ಹೇಳಿದ ಹಾಗೇ ಹೇಳು, ನಿನ್ನ ಮಾತು ಸೇರಿಸಬೇಡ..."

ಬಹಳ ಹೊತ್ತು ಅವರು ಕೇಳುತ್ತ ಕೂತರು. ಹೊರಗೆ ಯಾರೋ ಗಿರಾಕಿ ಬಂದು ನಿಂತು, ಅವರ ಮುಖ ನೋಡಿ, ಏನೂ ಕೇಳದೆ ಹೊರಟುಹೋದ.

"'ಒಂದು ಮುಚ್ಚಳ ಕೊಟ್ಟರೂ ಅಪ್ಪ ಅದರ ಮುಂದೆ ಕೂತುಬಿಡ್ತಾರೆ. ಮತ್ತೆ ಏಳೋದಿಲ್ಲ'... ಅಂದ್ಲಾ?... ಹಾಂ... 'ಅದಕ್ಕೇ ಅಪ್ಪನಿಗೆ ಅಂತ ಏನೂ ಇಟ್ಟಿಲ್ಲ'... ಹಾಂ... ಕೇಳಿಸ್ತಿದೆ. ಕೇಳಿಸ್ತಿದೆ ಕಣಮ್ಮಾ..."

"ಎಷ್ಟು ಸರಿಯಾಗಿ ನನ್ನ ಅಳತೆ ತಗೊಂಡಿದ್ಲು ನೋಡು..."

"ಅದನ್ನೇ ಮಾಡಿದೆನಲ್ಲಮ್ಮಾ ಎರಡು ವರ್ಷ. ದೇವರ ಮುಂದೆ ಹತ್ತು ನಿಮಿಷ, ಈ ಗವಸುಗಳ ಮುಂದೆ ಅರ್ಧ ದಿನ. ಇದನ್ನ ಹೇಳೋಕೇ ಬಂದಿದ್ಯಾ ನೀನು? ಮೂರು ಸಲಾನೂ?... ಸಾಮಾನು ಕೇಳೋಕಲ್ಲವಾ?... ಅಯ್ಯೋ, ಬಾಗಿಲು ತೆಗೆಯಲಿಲ್ಲವಲ್ಲ ನಾನು..."

ಮುದುಕರು ಮೂಗೊರೆಸಿಕೊಂಡು, ಹಲಗೆಯ ಮೇಲಿದ್ದ ಕೊನೆಯ ಗವಸನ್ನು ಕೈಗೆತ್ತಿಕೊಂಡರು.

"ಇನ್ನೊಂದಿದೆ. ಚಿಕ್ಕ ಲೆನ್ಸು, ಜನರ ಮುಖ ತೆಗೀತಿದ್ಲಲ್ಲ, ಅದು. ಬಿಚ್ಚಿಲ್ಲ, ಧೈರ್ಯ ಸಾಲಲಿಲ್ಲ... ಈಗಲಾ? ನೀನು ಫೋನಲ್ಲಿ ಇರ್ತೀಯಾ?... ಇಟ್ಟುಬಿಡಬೇಡ ಮತ್ತೆ..."

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಬ್ಲೇಡಿನ ಮೂಲೆಯಿಂದ ಮೊದಲ ಹೊಲಿಗೆ ಕತ್ತರಿಸಿದರು. ನಲವತ್ತು ವರ್ಷ ಹೊಲಿದ ಕೈ, ಬ್ಲೇಡು ಬಟ್ಟೆಗೆ ತಾಗಲಿಲ್ಲ.

"ಯಾವ ಪುಣ್ಯಾತ್ಮ ಹೊಲಿದನೋ, ಬಿಚ್ಚೋಕೇ ಬರಲ್ಲ... ಹಾಂ, ಬಂತು. ಇರು, ಕಿಟಕಿ ಹತ್ರ ಹೋಗ್ತೀನಿ... ಬೆಳಕಿಗೆ ಹಿಡಿದಿದೀನಿ. ಕಾಣ್ತಿದೆ... ಇದೆಯಮ್ಮಾ. ಇದರಲ್ಲೂ ಇದೆ..."

"ಒಂದೆಳೆ. ಅಂಚಿನಿಂದ ಹೊರಟಿದೆ, ಕೂದಲಷ್ಟು. ಇಲ್ಲ, ಎರಡು... ನಡುವಿಗೆ ಇನ್ನೂ ಮುಟ್ಟಿಲ್ಲ... ಅಷ್ಟೇ ಇದ್ರೆ ತೆಗೀಬಹುದಾ? ನಿಜ ಹೇಳು, ಮುದುಕನ ಸಮಾಧಾನಕ್ಕೆ ಹೇಳಬೇಡ... ಕಲೆ ಉಳಿಯುತ್ತಾ?... ಉಳಿದ್ರೂ ಬೇಕಾ ನಿನಗೆ?... ಹಾಂ, ಮುಚ್ಚಲ್ಲ. ಗಾಳಿಗೇ ಇಟ್ಟಿರ್ತೀನಿ. ಮುಚ್ಚಿದ್ರೆ ದಿನದಿಂದ ದಿನಕ್ಕೆ ಬೆಳೆಯುತ್ತಾ?..."

"ಹಾಗಾದ್ರೆ ನಾಳೆ ಬಾಮ್ಮಾ. ಇವತ್ತೊಂದು ದಿನ ಇಲ್ಲೇ ಇರಲಿ, ಒಂದೇ ದಿನ... ಅಲ್ಲ, ಅಲ್ಲ, ತಾಳು. ನಾಳೆ ಬೇಡ. ಈಗಲೇ ಬಾ. ನಾಳೆ ಅಂದ್ರೆ ಸಂಜೆಯೊಳಗೆ ನಾನು ಮತ್ತೆ ಹೊಲಿದುಬಿಡ್ತೀನಿ. ನನ್ನ ಕೈ ನನಗೆ ಗೊತ್ತು..."

"ನಾನು ಕೊಡಲ್ಲ ಅಂದ್ರೂ ಕಿತ್ಕೊಂಡು ಹೋಗು. ಅಳಬಹುದು ನಾನು, ಅದನ್ನೆಲ್ಲ ನೋಡ್ತಾ ನಿಲ್ಲಬೇಡ... ಏನದು ಸದ್ದು? ಗಾಡಿ ಹತ್ತಿಬಿಟ್ಯಾ?... ಒಂದು ಕೈಯಲ್ಲಿ ಓಡಿಸಬೇಡಮ್ಮಾ... ಎಷ್ಟು ಹೊತ್ತಾಗುತ್ತೆ ಇಲ್ಲಿಗೆ? ಅರ್ಧ ಗಂಟೆ ಆದ್ರೂ ಇದೆಯಲ್ಲ ನನಗೆ, ಇದರ ಜೊತೆ?... ಹಲೋ?... ಅಮ್ಮಾ, ಅರ್ಧ ಗಂಟೆ ಇದೆಯಲ್ವಾ?... ಹಲೋ..."