ಹೆರೋದನಾದ ಹೆಂಡತಿ

ಒಂದೂರಲ್ಲಿ ಒಬ್ಬ ಬಟ್ಟೆ ಅಂಗಡಿಯ ಸಾಹುಕಾರನಿದ್ದ, ಪ್ರಿಯರೇ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ತಿರುಗಿ ಈ ಚರ್ಚಿನ ಯಾವುದೋ ಬೆಂಚು ನೋಡುತ್ತೀರಿ. ಸಭೆಯಲ್ಲಿ ಅವನದು ಬೆಣ್ಣೆಯಂಥ ಮಾತು. ಮನೆಯಲ್ಲಿ? ಸಾರಿಗೆ ಉಪ್ಪು ಕಡಿಮೆಯಾದರೆ ಸಾಕು, ತಟ್ಟೆಯನ್ನು ಎಡಗೈಯಿಂದ ಆಚೆಗೆ ತಳ್ಳಿ, ಚಿಟಿಕೆ ಹೊಡೆದು, "ನಿಂಗೇನ್ ಗೊತ್ತು? ಒಳಗ್ ಹೋಗು" ಅನ್ನುವನು. ಹೆಂಡತಿ ಒಳಗೆ ಹೋಗುವಳು. ಅವಳ ಬಾಯಲ್ಲಿ "ಹೂಂ" ಬಿಟ್ಟು ಇನ್ನೊಂದು ಮಾತನ್ನು ನೆರೆಯವರೂ ಕೇಳಿರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ ನಾಟಕ ಸ್ತ್ರೀಯರ ಕೂಟದ್ದು. ಯೇಸು ಹುಟ್ಟಿದಾಗ ಕೂಸುಗಳನ್ನು ಕೊಲ್ಲಿಸಿದ ಕ್ರೂರಿ ಹೆರೋದ ಅರಸನ ಪಾತ್ರ ಯಾರಿಗೂ ಬೇಡ. ಕೊನೆಗೆ ಬಿದ್ದದ್ದು ಯಾರ ಪಾಲಿಗೆ? ನೋಡಿ, ಈ ಹೂಂ ಅನ್ನುವ ಹೆಂಗಸಿನ ಪಾಲಿಗೆ! 'ಇವಳು ನನ್ನ ಮಾನ ಕಳೆಯುತ್ತಾಳೆ' ಎಂದುಕೊಂಡೇ ಸಾಹುಕಾರ ಮುಂದಿನ ಸಾಲಿನಲ್ಲಿ ಕೂತ.

ಪರದೆ ಸರಿಯಿತು. ಕಾಡಿಗೆಯ ಮೀಸೆ, ರಟ್ಟಿನ ಕಿರೀಟ. ಜೋಯಿಸರು ಬಂದು ಹೊಸ ಅರಸ ಹುಟ್ಟಿದ್ದಾನೆ ಅಂದರು. ಹೆರೋದ ಗರ್ಜಿಸಿದ. ಇದು ತನ್ನ ಹೆಂಡತಿಯ ಗಂಟಲೇ? ಇಷ್ಟು ವರ್ಷ ಎಲ್ಲಿತ್ತು? ಸಾಹುಕಾರನ ಮೈ ಜುಮ್ಮೆಂದಿತು, ಎದೆ ಉಬ್ಬಿತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ರಾಣಿ ಹಣ್ಣಿನ ತಟ್ಟೆ ತಂದಳು. ಹೆರೋದ ಅದನ್ನು ಎಡಗೈಯಿಂದ ಆಚೆಗೆ ತಳ್ಳಿದ. ಚಿಟಿಕೆ ಹೊಡೆದ. "ನಿಂಗೇನ್ ಗೊತ್ತು? ಒಳಗ್ ಹೋಗು!"

ಚಪ್ಪಾಳೆಗೆ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಹಿಂದೆ ಜನ ನಗುತ್ತಿದ್ದರು, ಮಕ್ಕಳು ಹೆದರಿ ಅಳುತ್ತಿದ್ದವು.

ಮನೆಯ ದಾರಿಯಲ್ಲಿ ಕೇಳಿದ, "ಆ ಮಾತು ನಾಟ್ಕದಲ್ಲಿ ಬರ್ದಿತ್ತೇನೇ?"

"ಇಲ್ಲಾರೀ. ಎಲ್ರೂ ಹೆದರೋ ಹಂಗೆ ಮಾಡಮ್ಮ ಅಂದ್ರು ಪಾದ್ರಿ ಅಯ್ಯನವರು. ನಂಗೆ ಹೆದ್ರಿಕೆ ಆಗೋದು ಹೆಂಗೆ ಅಂತ ಗೊತ್ತಿತ್ತಲ್ಲ, ಹಂಗೇ ಮಾಡ್ದೆ." ಆಮೇಲೆ ಅವನ ಮುಖ ನೋಡಿ ಮೆಲ್ಲಗೆ ಕೇಳಿದಳು, "ತಪ್ಪಾಯ್ತೇನ್ರೀ?"

ತಪ್ಪಾಯ್ತೇ ಎಂದು ಅವಳು ಕೇಳಿದಳು, ಪ್ರಿಯರೇ. ಯಾರು ಕೇಳಬೇಕಿತ್ತು? ಆ ಸಾಹುಕಾರ ನಡುಬೀದಿಯಲ್ಲೇ ನಿಂತು ಅತ್ತುಬಿಟ್ಟ.

ಹೆರೋದ ಯೆರೂಸಲೇಮಿನಲ್ಲಿ ಮಾತ್ರ ಇದ್ದನೆಂದು ತಿಳಿದಿರೇನು? ನಿಮ್ಮ ಮನೆಯವರಿಗೆ ಆ ಪಾತ್ರ ಕೊಟ್ಟರೆ ಅವರು ಯಾರನ್ನು ನೋಡಿ ಕಲಿತಾರು? ಹೇಳಿ, ಯಾರನ್ನು? ಈಗ ಆರಾಧನೆ ಮುಗಿಸಿ ಊಟಕ್ಕೆ ಕೂರುತ್ತೀರಿ. ಉಪ್ಪು ಕಡಿಮೆಯಾದರೆ ಎದ್ದು ಹೋಗಿ ನೀವೇ ತನ್ನಿ. ಹೆಂಡತಿಯನ್ನು ಹೆಸರು ಹಿಡಿದು ಕರೆಯಿರಿ. ಆ ಚಿಟಿಕೆ ಮನೆಯ ನಾಯಿಗೂ ಬೇಡ. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ಪೂರ್ತಿ ಕೇಳಿ. ಇವತ್ತು "ಹೂಂ" ಅನ್ನುವ ಸರದಿ ನಿಮ್ಮದು.