ಏಳನೇ ಪಾಸಾದ ಫಕ್ಕೀರವ್ವ

ನೋಡಿ, ತಾಯಂದಿರೇ, ಅಪ್ಪಂದಿರೇ, ನಮ್ಮ ಕಥೆ ಶುರುವಾಗುವುದು ಒಂದು ಮೊರದ ಹತ್ತಿರ. ಪಡಸಾಲೆಯಲ್ಲಿ ಒಬ್ಬಳು ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ. ಕೇರುತ್ತಾಳೆ, ಹರಳು ಆರಿಸುತ್ತಾಳೆ, ಮತ್ತೆ ಕೇರುತ್ತಾಳೆ. ಇಪ್ಪತ್ತು ವರ್ಷದವಳು, ಹೆಸರು ಫಕ್ಕೀರವ್ವ. ಅವಳ ತಾಯಿಯೂ ಇದೇ ಪಡಸಾಲೆಯಲ್ಲಿ ಇದೇ ಮೊರ ಹಿಡಿದು ಹಣ್ಣಾದವಳು.

ಮನೆ ಯಾರದು? ಒಬ್ಬ ಸಾಹುಕಾರನದು. ಎಂಥ ಸಾಹುಕಾರ? ಆ ಪಟ್ಟಣದಲ್ಲಿ ಅಡ್ಮಿಷನ್ ಎಂದರೆ ಅವನೇ. ಮಗನಿಗೆ ಕಾಲೇಜಿನಲ್ಲಿ ಅಡ್ಮಿಷನ್ ಬೇಕೆ? ಅವನ ಕಟ್ಟೆಗೆ ಹೋಗಿ. ಮುದುಕಿಗೆ ದವಾಖಾನೆಯಲ್ಲಿ ಅಡ್ಮಿಷನ್ ಬೇಕೆ? ಅವನ ಒಂದು ಫೋನು ಸಾಕು. ಅವನದೇ ಒಂದು ಶಾಲೆಯೂ ಇತ್ತು. ಜನ ಬಂದು ಕೈ ಮುಗಿಯುವುದು, ಅವನು “ಆಗ್ತೈತಿ, ಹೋಗು” ಅನ್ನುವುದು, ಫಕ್ಕೀರವ್ವ ಚಿಕ್ಕಂದಿನಿಂದ ನೋಡುತ್ತಲೇ ಇದ್ದಳು. ಎಲ್ಲರ ಕೆಲಸ ಆಗುತ್ತಿತ್ತು. ಎಲ್ಲರೂ ನಗುತ್ತ ಹೋಗುತ್ತಿದ್ದರು.

ಅವಳಿಗೂ ಒಂದು ಆಸೆ. ಆ ಶಾಲೆಯಲ್ಲಿ ಸಂಜೆ ನಾಲ್ಕರಿಂದ ಐದರತನಕ, ಶಾಲೆಯ ಮುಖವನ್ನೇ ಕಾಣದ ಹೆಂಗಸರಿಗೆ ಓದುಬರಹ ಕಲಿಸುತ್ತಾರೆ ಎಂದು ಕೇಳಿದ್ದಳು. ಏನು ಓದಬೇಕಾಗಿತ್ತು ಅವಳಿಗೆ? ಪುರಾಣವಲ್ಲ. ಬಸ್ಸಿನ ಬೋರ್ಡು! ಹಿಂದಿನ ವರ್ಷ ಅಕ್ಕನ ಬಾಣಂತನಕ್ಕೆ ಹೊರಟವಳು ಬೇರೆ ಬಸ್ಸು ಹತ್ತಿ ಬೇರೆ ಊರಿನಲ್ಲಿ ಇಳಿದಿದ್ದಳು. ಯಾರನ್ನಾದರೂ ಕೇಳಬಹುದಿತ್ತು. ನಾಚಿಕೆ. ಕಂಬಕ್ಕೆ ಒರಗಿ, ಗಂಟು ಮಡಿಲಲ್ಲಿಟ್ಟುಕೊಂಡು, ಹೊತ್ತು ಮುಳುಗುವತನಕ ಹಾಗೇ ಕುಳಿತಿದ್ದಳು.

ಸರಿ, ಜೋಳ ಮುಗಿಸಿ, ಕೈ ತೊಳೆದು, ಶಾಲೆಗೆ ಹೋದಳು. ಕಲಿಸುವ ಅಕ್ಕೋರು ಹಾಳೆ ತೆಗೆದರು.

“ಹೆಸರೇನವಾ?”

“ಫಕ್ಕೀರವ್ವರಿ.”

“ಹುಟ್ಟಿದ ತಾರೀಖು?”

“ಗೊತ್ತಿಲ್ರಿ. ಆ ವರ್ಷ ಕೆರಿ ಕೋಡಿ ಬಿದ್ದಿತ್ತಂತ್ರಿ.”

“ಹಂಗಾರ ಜೂನ್ ಒಂದು ಅಂತ ಬರಿತೀನಿ. ಅರ್ಧ ಊರ ಅವತ್ತ ಹುಟ್ಟೇತಿ” ಎಂದು ಅಕ್ಕೋರು ನಕ್ಕರು. ವರ್ಷ ಅಂದಾಜು ಮಾಡಲು ಅವಳ ಓರಗೆಯವರ ಹೆಸರಿದ್ದ ಹಳೆಯ ರಿಜಿಸ್ಟರ್ ತೆರೆದರು. ಬೆರಳು ಒಂದು ಕಡೆ ನಿಂತಿತು.

“ಏ, ನಿನ್ನ ಹೆಸರು ಇಲ್ಲೇ ಐತಲ್ಲ! ನಿಮ್ಮವ್ವನ ಹೆಸರು, ಸಾಹುಕಾರ್ರ ಮನಿ ವಿಳಾಸ. ಒಂದ್ನೇ ಕ್ಲಾಸಿಗೆ ಅಡ್ಮಿಷನ್ ಆಗೇತಿ. ಏಳ್ನೇ ಕ್ಲಾಸ್ ಪಾಸ್.”

“ನಾನ್ರಿ?”

“ನೀನ ಮತ್ತ. ಏಳು ವರ್ಷದಾಗ ನಾಕ ದಿನ ತಪ್ಪಿಸೀದಿ. ನನ್ನ ಮಗಳಿಗಿಂತ ನೀನ ಚಲೋ.”

“ನಾ ಸಾಲಿಗೆ ಬಂದ ಇಲ್ಲರಿ ಅಕ್ಕೋರ.”

“ಅದು ನಿನಗ ಗೊತ್ತು. ಪುಸ್ತಕಕ್ಕ ಗೊತ್ತಿಲ್ಲ. ಪಾಸಾದಾಕಿಗೆ ಅ ಆ ಕಲಿಸಿದ್ರ ಮ್ಯಾಲಿನವ್ರು ನನ್ನ ಕೇಳ್ತಾರವಾ.”

ಏನಾಗಿತ್ತು ಗೊತ್ತೇ? ತರಗತಿಗೆ ಇಪ್ಪತ್ತೈದು ಮಕ್ಕಳಿಲ್ಲದಿದ್ದರೆ ತರಗತಿ ಮುಚ್ಚುತ್ತಿತ್ತು. ನಾಲ್ಕು ಮಕ್ಕಳು ಕಡಿಮೆ ಬಿದ್ದಾಗ ಸಾಹುಕಾರ ತನ್ನ ಮನೆಯ ಆಳುಮಕ್ಕಳ ಹೆಸರು ಬರೆಸಿದ್ದ. ಅದು ತಪ್ಪೆಂದು ಅವನಿಗೆ ಅನ್ನಿಸಲೂ ಇಲ್ಲ. ಹೆಸರು ತಾನೆ? ಹೆಸರಿಗೆ ಬೆಂಚು ಬೇಕೆ? ಊಟ ಬೇಕೆ?

ಆಗ ಫಕ್ಕೀರವ್ವನಿಗೆ ನೆನಪಾಯಿತು. ವರ್ಷಕ್ಕೊಂದು ದಿನ ಅವ್ವ ತಲೆಗೆ ಎಣ್ಣೆ ಹಚ್ಚಿ, ನೀಲಿ ಲಂಗ ಉಡಿಸಿ ಕಳಿಸುತ್ತಿದ್ದಳು. ಮೂರನೇ ಬೆಂಚು. ಯಾರೋ ಸಾಹೇಬರು ಬಂದು ತಲೆ ಎಣಿಸಿ ಹೋಗುತ್ತಿದ್ದರು. ಮಧ್ಯಾಹ್ನಕ್ಕೆ ಲಂಗ ಬಿಚ್ಚಿ, ಮಡಿಚಿ, ಸಾಹುಕಾರನ ಮನೆಯ ಟ್ರಂಕಿಗೆ ಹಾಕುತ್ತಿದ್ದರು. ಅವಳ ಬಾಳಿನಲ್ಲೇ ಚೆಂದದ ದಿನಗಳು ಅವು! ಹಾಗಾದರೆ ಶಾಲೆ ಕಲಿಯುವುದು ಎಂದರೆ ಅದೇ ಏನು? ಎಲ್ಲರೂ ವರ್ಷಕ್ಕೊಂದು ದಿನ ಹೋಗಿಯೇ ಏಳನೇ ಪಾಸಾಗುತ್ತಾರೆಯೇ? ಕಲಿಯದೆ ಉಳಿದದ್ದು ತನ್ನ ದಡ್ಡತನವೇ?

ಅಕ್ಕೋರಿಗೆ ಪಾಪ ಅನ್ನಿಸಿತು. “ಆ ಅಡ್ಮಿಷನ್ ಸುಳ್ಳು ಅಂತ ಸಾಹುಕಾರ್ರು ಒಂದ ಸಾಲು ಬರದು ಸಹಿ ಮಾಡ್ಲಿ. ನಾಳೆನ ಬಂದು ಕೂಡು” ಎಂದರು.

ಒಂದು ಸಾಲು! ಊರಿಗೆಲ್ಲ ಬರೆದುಕೊಟ್ಟವನಿಗೆ ಒಂದು ಸಾಲು ಎಷ್ಟರದು? ಅವಳು ಅಂಗಡಿಯಲ್ಲಿ ಒಂದು ಬಿಳಿ ಹಾಳೆ, ಒಂದು ಪೆನ್ನು ಕೊಂಡು ಓಡಿದಳು. ಮನೆಯಲ್ಲಿ ಯಾರೂ ಇಲ್ಲ. ಪಕ್ಕದವರು ಹೇಳಿದರು, “ಸಾಹುಕಾರ್ರು ಎದಿ ಹಿಡ್ಕೊಂಡ್ರವಾ. ದವಾಖಾನಿಗೆ ಅಡ್ಮಿಟ್ ಮಾಡ್ಯಾರ.”

ಎರಡು ದಿನ ಬಿಟ್ಟು, ಅವನು ಎದ್ದು ಕೂರುವಂತಾದ ಮೇಲೆ, ಗಂಜಿಯ ಡಬ್ಬಿ ಹಿಡಿದು ಹೋದಳು. ದಾರಿಯುದ್ದಕ್ಕೂ ಒಂದೇ ಗೊಂದಲ. ದವಾಖಾನೆಯ ಅಡ್ಮಿಷನ್‌ಗೆ ಮನುಷ್ಯನೇ ಹೋಗಿ ಮಲಗಬೇಕು. ನನ್ನ ಅಡ್ಮಿಷನ್‌ನಲ್ಲಿ ಹೆಸರು ಒಳಗೆ ಹೋಯಿತು, ನಾನು ಹೊರಗೆ ಉಳಿದೆ. ಅದೂ ಅಡ್ಮಿಷನ್, ಇದೂ ಅಡ್ಮಿಷನ್ ಹೇಗಾಯಿತು?

ಮಂಚದ ಸುತ್ತ ಜನ. ಶಾಲೆಯ ಹೆಡ್ ಮಾಸ್ತರ ಬಂದಿದ್ದ. ಶಾಲೆಯ ಕಮಿಟಿಯವನೊಬ್ಬ ಮೋಸಂಬಿ ಸುಲಿಯುತ್ತಿದ್ದ. ನರ್ಸ್ ಬಂದವಳು ಹತ್ತಿರವಿದ್ದ ಫಕ್ಕೀರವ್ವನ ಕೈಗೇ ಗುಳಿಗೆಯ ಚೀಟಿ ಕೊಟ್ಟಳು.

ಸಾಹುಕಾರನ ಹೆಂಡತಿ ನಕ್ಕುಬಿಟ್ಟಳು. “ಅಯ್ಯ, ಅಕಿಗೆ ಯಾಕ ಕೊಡ್ತೀರಿ ಸಿಸ್ಟರ್? ಅಕಿ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ.”

ನಿಂತವರೆಲ್ಲ ಕೇಳಿಸಿಕೊಂಡರು. ಫಕ್ಕೀರವ್ವನ ಕಿವಿ ಬಿಸಿಯಾಯಿತು. ಆದರೂ ಸೆರಗಿನಿಂದ ಆ ಹಾಳೆ, ಆ ಪೆನ್ನು ತೆಗೆದು ಮಂಚದ ಮೇಲಿಟ್ಟಳು.

“ಸಾಹುಕಾರ್ರ, ಈಗ ಅವ್ವಾರು ಅಂದ್ರಲ್ಲ, ಅಷ್ಟ ಬರದು ಕೊಡ್ರಿ.”

ಹೆಡ್ ಮಾಸ್ತರ ತಲೆಯೆತ್ತಿ ತಿರುಗುವ ಫ್ಯಾನು ನೋಡಿದ. ಕಮಿಟಿಯವನು ಸುಲಿದ ಮೋಸಂಬಿಯನ್ನೇ ಮತ್ತೆ ಸುಲಿದ. ಸಾಹುಕಾರ ಕಣ್ಣು ಮುಚ್ಚಿದ. ಎದೆ ನೋವು ನಿಜ, ಇಲ್ಲವೆನ್ನುವುದಿಲ್ಲ. ಆದರೆ ಕೈಗೆ ಏನೂ ಆಗಿರಲಿಲ್ಲ, ನೋಡಿ. ಅಂದು ಬೆಳಗ್ಗೆಯೇ ಅದೇ ಮಂಚದ ಮೇಲೆ ಯಾರದೋ ಮಗನ ಅಡ್ಮಿಷನ್ ಪತ್ರಕ್ಕೆ ಸಹಿ ಹಾಕಿದ್ದ.

ತಾಯಂದಿರೇ, ಅಪ್ಪಂದಿರೇ, ಬರೆದನೋ ಇಲ್ಲವೋ ಎಂದು ಕೇಳುತ್ತಿದ್ದೀರಿ. ಕಥೆ ಅಲ್ಲೇ ನಿಂತಿದೆ. ತಪ್ಪು ಒಪ್ಪಿಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ಅಡ್ಮಿಷನ್ ಅಂತಲೇ ಹೇಳುತ್ತಾರೆಂದು ಓದಿದವರು ನನಗೆ ಹೇಳಿದರು. ಇರಬಹುದು. ಮಾತು ಏನಾದರೂ ಇರಲಿ, ಆ ಹಾಳೆ ಖಾಲಿ ಇದೆ.

ನಾವು ಸಾಹುಕಾರರಲ್ಲ ಅನ್ನುತ್ತೀರಿ. ಆದರೆ ಮನೆಮಂದಿ ಎಷ್ಟು ಎಂದರೆ ಕೆಲಸದವಳನ್ನೂ ಸೇರಿಸಿ ಹೇಳುತ್ತೀರಿ. ಅಕಿ ನಮ್ಮ ಮಗಳಿದ್ದಂಗ ಅನ್ನುತ್ತೀರಿ. ಹೆಸರನ್ನು ಒಳಗೆ ಕರೆದುಕೊಂಡು ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿಲ್ಲವೇ? ನಾಳೆ ಬೆಳಗ್ಗೆ ಕೇಳಿ, ಬಸ್ಸಿನ ಬೋರ್ಡು ಓದಲು ಬರುತ್ತದೆಯೇ ಎಂದು. ಬಾರದಿದ್ದರೆ ನಾಲ್ಕು ಗಂಟೆಗೆ ಅವಳ ಕೈಯಿಂದ ಮೊರ ತೆಗೆದುಕೊಂಡು ಕಳಿಸಿ, ಜೋಳ ನೀವು ಹಸನು ಮಾಡಿ. ಅವಳ ಹೆಸರಿನಲ್ಲಿ ಏನಾದರೂ ಸುಳ್ಳು ಬರೆಸಿದ್ದರೆ, ಬರೆಸಿದ ಕೈಯಿಂದಲೇ ಅದನ್ನು ಅಳಿಸಿಹಾಕಿ.

ನಾಳೆಯವರೆಗೆ ಯಾಕೆ? ಇಲ್ಲಿ, ಈ ಮೇಜಿನ ಮೇಲೆ, ಬಿಳಿ ಹಾಳೆ ಇಟ್ಟಿದ್ದೇನೆ. ಪೆನ್ನೂ ಇದೆ. ತಪ್ಪು ಒಪ್ಪಿಕೊಂಡು ಒಂದು ಸಾಲು ಬರೆದರೆ ಸಾಕು. ಯಾರಾದರೂ ಒಬ್ಬರು ಬನ್ನಿ.

ನೀವೆಲ್ಲ ತಲೆಯೆತ್ತಿ ನೋಡುತ್ತಿರುವ ಫ್ಯಾನು ತಿರುಗುವುದು ನನಗೂ ಕಾಣುತ್ತಿದೆ. ಒಬ್ಬರು ಬನ್ನಿ.