ಮುಕ್ಕಾಲು ಇಂಚಿನ ಪೈಪು

ಬ್ಲೇಡ್ ಯಾಕೆ ಮಾವ? ಬೇಡ ಬೇಡ, ಕೆಳಗಿಡಿ! ಪೈಪಿಗೆ ಸುತ್ತಿರೋ ಸ್ಪಂಜು ಸೀಳಿ ಏನು ನೋಡ್ತೀರಾ? ನಾನೇ ಹೇಳ್ತಿದ್ದೀನಲ್ಲ, ಕಂಪ್ರೆಸರ್ದೇ ದೋಷ. ಹೊಸ ಎಸಿ ಎರಡೇ ವಾರಕ್ಕೆ ಸುಟ್ಟುಹೋಯ್ತು ಅಂದ್ರೆ ಇನ್ನೇನು?

ಯಾಕೆ ನಗ್ತೀರಾ? ಹತ್ತು ವರ್ಷ ನಿಮ್ಮ ಹಿಂದೆ ಗ್ಯಾಸ್ ಸಿಲಿಂಡರ್ ಹೊತ್ತೋನು ನಾನು. ಕೆಲಸ ನೋಡಿ ತಾನೇ ಮಗಳನ್ನ ಕೊಟ್ರಿ! ಅಳಿಯನ ಮಾತಿಗೆ ಕಾಸಿನ ಕಿಮ್ಮತ್ತಿಲ್ವಾ?

ಈ ಮನೆ ಟೀಚರಮ್ಮ ಇನ್ನೇನು ಆಸ್ಪತ್ರೆಯಿಂದ ಬಂದುಬಿಡ್ತಾರೆ, ಮಗಳ ಬಟ್ಟೆ ತಗೊಂಡು ಹೋಗೋಕೆ. ಬಂದೋರೇ ನಿಮ್ಮನ್ನ ಕೇಳ್ತಾರೆ, ಕೆಲಸದಲ್ಲಿ ತಪ್ಪಿತ್ತಾ ಅಂತ. ಇಲ್ಲ ಅಂದುಬಿಡಿ ಮಾವ. ಒಂದೇ ಒಂದು ಮಾತು! ನಾನು ತಲೆಕೆಳಗಾಗಿ ನಿಂತು ಹೇಳಿದ್ರೂ ನಂಬಲ್ಲ, ನೀವು ಹೇಳಿದ್ರೆ ನಂಬ್ತಾರೆ.

ಆ ಕೂಸಿಗೆ ಬೆವರೇ ಬರಲ್ಲ, ಗೊತ್ತಲ್ಲ? ಹುಟ್ಟಿದಾಗಿಂದ ಹಾಗೇ. ಸೆಕೆ ಏರಿದ್ರೆ ಮೈ ಕಾದ ಕಾವಲಿ. ಅದಕ್ಕೇ ಈ ರೂಮು, ಈ ಎಸಿ. ನಿನ್ನೆ ಮಧ್ಯಾಹ್ನ ಎಸಿ ನಿಂತುಹೋಗಿ, ಜ್ವರ ತಲೆಗೇರಿ, ಫಿಟ್ಸ್ ಬಂದು... ಇನ್ನೂ ಕಣ್ಣು ಬಿಟ್ಟಿಲ್ವಂತೆ. ಆರು ವರ್ಷ ಮಾವ, ಆರೇ ವರ್ಷ! ಹಾಗೆ ನೋಡ್ಬೇಡಿ, ನನಗೇನು ಕರುಳಿಲ್ವಾ?

ಅಯ್ಯೋ... ಸೀಳೇಬಿಟ್ರಾ.

ಸರಿ. ಹೌದು, ಅರ್ಧ ಇಂಚು. ಗೋಡೆಯೊಳಗಿದ್ದ ಹಳೇ ಎಸಿ ಪೈಪೇ. ಎರಡೂ ತುದಿಗೆ ಮುಕ್ಕಾಲಿನ ಅಡಾಪ್ಟರ್ ಬೆಸೆದು, ಕಾಣದ ಹಾಗೆ ಸ್ಪಂಜು ಸುತ್ತಿದೆ. ಮುಕ್ಕಾಲು ಬೇಕಿತ್ತು, ಗೊತ್ತು! ಗ್ಯಾಸ್ ವಾಪಸ್ ಬರೋ ಪೈಪು ಸಣ್ಣದಾದ್ರೆ ಕಂಪ್ರೆಸರ್ ಏದುಸಿರು ಬಿಟ್ಟು ಸಾಯುತ್ತೆ ಅಂತ ನೀವೇ ತಲೆಗೆ ಮೊಟಕಿ ಕಲಿಸಿದ್ರಿ. ಇಲ್ಲಿಂದ ತಾರಸಿ ಮೇಲಿರೋ ಕಂಪ್ರೆಸರ್‌ಗೆ ಬೇರೆ ಅರವತ್ತು ಅಡಿ. ಆದ್ರೆ ಮೊದಲ ದಿನ ರೂಮು ತಣ್ಣಗಾಯ್ತು ಮಾವ, ಆಣೆಗೂ! ಹೇಗೋ ನಡೆಯುತ್ತೆ ಅನ್ಕೊಂಡೆ.

ಅಲ್ಲ, ಗೋಡೆ ಒಡೀಬೇಡಿ ಅಂದಿದ್ದು ಟೀಚರಮ್ಮನೇ ತಾನೇ? ಧೂಳು ಮಗೂಗೆ ಆಗಲ್ಲ ಅಂತ. ಮನೆಯೋರೇ ಬೇಡ ಅಂದ್ಮೇಲೆ ನಾನೇನು ಸುತ್ತಿಗೆ ಹಿಡ್ಕೊಂಡು ಜಗಳಕ್ಕೆ ನಿಲ್ಲಲಾ? ಇದನ್ನೇ ಹೇಳೋಣ. ಆಗಬಹುದಾ? ಹ್ಞೂಂ ಅನ್ನಿ...

ಯಾಕೆ ಕೂತ್ಬಿಟ್ರಿ? ಬೈಯಿರಿ ಮಾವ. ಕಪಾಳಕ್ಕೆ ಎರಡು ಬಾರಿಸಿ. ಏನಾದ್ರೂ ಅನ್ನಿ!

ಗೋಡೆ ಒಡೀಬೇಡಿ ಅಂದ್ರು ಅಂದಿದ್ದು ಸುಳ್ಳು ಮಾವ.

ಟೀಚರಮ್ಮ ಒಡೀರಿ ಅಂದ್ರು. ಎಸಿ ಜೊತೆ ಬಂದಿದ್ದ ಪುಸ್ತಕ ತಂದು, ಬೆರಳಿಟ್ಟು ತೋರಿಸಿದ್ರು. 'ಇಲ್ಲಿ ಮುಕ್ಕಾಲು ಅಂತಿದೆಯಲ್ಲಪ್ಪ, ಗೋಡೇಲಿರೋದು ಸಣ್ಣದಲ್ವಾ? ಪರವಾಗಿಲ್ಲ, ಒಡೆದುಬಿಡಿ. ಮೂರು ದಿನ ಮಗೂನ ನಮ್ಮಕ್ಕನ ಮನೇಲಿ ಇಟ್ಕೋತೀನಿ' ಅಂದ್ರು. ನನಗೆ ಸೋಮಾರಿತನ. ಮೂರು ದಿನದ ಕೆಲಸ ಒಂದು ದಿನಕ್ಕೆ ಮುಗಿಸೋ ಆತುರ. ನಕ್ಕುಬಿಟ್ಟೆ ಮಾವ. 'ಪಾಠ ನೀವು ಮಾಡಿ ಟೀಚರಮ್ಮ, ಪೈಪು ನಮಗೆ ಬಿಡಿ' ಅಂದೆ. ಆದ್ರೂ ಅವರು ಬಿಡಲಿಲ್ಲ. ಮತ್ತೆ ಮತ್ತೆ ಕೇಳಿದ್ರು.

ಆಗ... 'ನಮ್ಮ ಮಾವನ್ನ ಕೇಳಿದೀನಿ, ಅರ್ಧ ಇಂಚೇ ಸಾಕು ಅಂದ್ರು' ಅಂತ ಹೇಳ್ದೆ.

ನಿಮ್ಮ ಹೆಸರು ಕೇಳಿದ್ಮೇಲೇ ಅವರು ಪುಸ್ತಕ ಮುಚ್ಚಿಟ್ಟಿದ್ದು.